ಬಾಣಂತಿ ದೆವ್ವ, ಬಾಣಂತಿ ಸನ್ನಿ



ಈ ಸಂಚಿಕೆಯ ಅಧ್ಯಯನ ಪಾಠಕ್ಕೆ ದೆವ್ವದ ವಿಷಯವನ್ನು ಆರಿಸಿಕೊಳ್ಳಲಾಗಿದೆ. ಮಠದ ಪತ್ರಿಕೆಯಲ್ಲಿ ದೆವ್ವಕ್ಕೇನು ಕೆಲಸ ಎಂದು ಕೆಲವರು ಕೇಳಬಹುದು. ಹೊಸೂರು, ಕೆಲಮಂಗಲ, ದೆಂಕಣಿಕೋಟೆ, ತಳಿ, ಶೂಲಗಿರಿ, ಕೃಷ್ಣಗಿರಿಯ ಕಡೆ ದೆವ್ವದ ಕಥೆ ಕೇಳದೆ ಬೆಳೆದ ಮಗುವಿಲ್ಲ. ಆನೆ ಬರುವ ಕಾಲದಲ್ಲಿ ರಾಗಿ ಹೊಲ ಕಾಯುತ್ತ ಅಟ್ಟಣೆಯ ಮೇಲೆ ಕುಳಿತವರಿಗೆ ನಿದ್ದೆ ಬಾರದಂತೆ ಮಾಡುವುದೇ ಈ ಕಥೆಗಳು. ಕಥೆ ಕಥೆಯಾಗಿರುವಷ್ಟು ಕಾಲ ಯಾರಿಗೂ ಕೇಡಿಲ್ಲ. ಆದರೆ ಅದೇ ಕಥೆ ಮನೆಯೊಳಗೆ ಬಂದು, ಹಾಸಿಗೆ ಹಿಡಿದ ಒಬ್ಬ ಹೆಣ್ಣುಮಗಳ ಮೇಲೆ ಕುಳಿತಾಗ, ಒಂದು ಜೀವ ಹೋಗಬಹುದು. ಕೆಲವೊಮ್ಮೆ ಎರಡು ಜೀವ ಹೋಗಬಹುದು. ಆದುದರಿಂದ ಈ ಪಾಠ.

ಒಂದು ಮನೆಯ ದೃಷ್ಟಾಂತ

ನಮ್ಮ ಕಡೆಯ ಒಂದು ರೈತರ ಮನೆ ಎಂದು ಭಾವಿಸೋಣ. ಸೊಸೆಗೆ ಚೊಚ್ಚಲ ಹೆರಿಗೆ. ಆಸ್ಪತ್ರೆಯಲ್ಲಿ ಸುಖವಾಗಿ ಹೆರಿಗೆಯಾಗಿ ಮನೆಗೆ ಬಂದಿದ್ದಾಳೆ. ನಾಲ್ಕನೆಯ ದಿನದಿಂದ ಅವಳಿಗೆ ನಿದ್ದೆಯಿಲ್ಲ. ಐದನೆಯ ದಿನ ಒಬ್ಬಳೇ ಮಾತಾಡಿಕೊಳ್ಳುತ್ತಾಳೆ. ಆರನೆಯ ದಿನ ಮಗುವನ್ನು ದೂರ ತಳ್ಳಿ, “ಇದು ನನ್ನ ಮಗುವಲ್ಲ, ಯಾರೋ ಬದಲಾಯಿಸಿದ್ದಾರೆ” ಎನ್ನುತ್ತಾಳೆ. ಗೋಡೆಯ ಕಡೆ ನೋಡಿ ಯಾರೋ ಕರೆಯುತ್ತಿದ್ದಾರೆ ಎನ್ನುತ್ತಾಳೆ.

“ಗಾಳಿ ಸೋಕಿದೆ ಕಣಪ್ಪಾ. ಮುಸ್ಸಂಜೆ ಹೊತ್ತಲ್ಲಿ ಹುಣಸೆಮರದ ಕೆಳಗಿಂದ ಕರೆತಂದಿರಿ” ಎಂದು ಅಜ್ಜಿ ಹೇಳುತ್ತಾಳೆ.

“ನಾಳೆ ಬೆಳಗ್ಗೆ ಮಂತ್ರ ಹಾಕುವವರನ್ನು ಕರೆಸೋಣ, ಅತ್ತೆ” ಎಂದು ಹಿರಿಯ ಸೊಸೆ ಹೇಳುತ್ತಾಳೆ.

ಬೇವಿನ ಸೊಪ್ಪು ಬರುತ್ತದೆ, ತಾಯಿತ ಬರುತ್ತದೆ, ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಬಿಸುಟು ಬರುತ್ತಾರೆ. ಮೂರು ದಿನ ಕಳೆಯುತ್ತದೆ. ಈ ಮೂರು ದಿನಗಳಲ್ಲಿ ಆ ತಾಯಿಗೂ ಕೂಸಿಗೂ ಏನಾಗಬಹುದೆಂಬುದನ್ನು ಪಾಠದ ಕೊನೆಯಲ್ಲಿ ನೋಡೋಣ. ಮೊದಲು ಆ ಅಜ್ಜಿಯ ಮಾತು ಎಲ್ಲಿಂದ ಬಂತೆಂದು ತಿಳಿಯೋಣ. ಅಜ್ಜಿ ಕೆಟ್ಟವಳಲ್ಲ, ತಾನು ಕೇಳಿದ್ದನ್ನು ಹೇಳಿದಳು. ಅವಳು ಕೇಳಿದ್ದು ಇಡೀ ಲೋಕವೇ ಕೇಳಿದ ಕಥೆ.

ಮೂರು ಭಾಷೆ, ಒಂದೇ ಭಯ

ನಮ್ಮ ಗಡಿನಾಡಿನಲ್ಲಿ ಸಂತೆಗೆ ಹೋದರೆ ಮೂರು ಭಾಷೆ ಕಿವಿಗೆ ಬೀಳುತ್ತದೆ. ಕನ್ನಡದವರು ದೆವ್ವ ಎನ್ನುತ್ತಾರೆ, ತಮಿಳರು ಪೇಯ್ ಎನ್ನುತ್ತಾರೆ, ತೆಲುಗರು ದಯ್ಯಂ ಎನ್ನುತ್ತಾರೆ. ಹೆಸರು ಬೇರೆಯಾದರೂ ಲಕ್ಷಣ ಒಂದೇ: ಬಿಳಿ ಸೀರೆ, ಬಿಚ್ಚಿದ ಕೂದಲು, ಕೈಯಲ್ಲಿ ಕೂಸು, ಹಿಂದುಮುಂದಾದ ಪಾದ. ಇನ್ನೊಂದು ಮಾತನ್ನೂ ಗಮನಿಸಬೇಕು. ತುಳುನಾಡಿನಲ್ಲಿ, ಕಾಸರಗೋಡಿನವರೆಗೂ, ಭೂತ ಎಂದರೆ ಭಯಪಡುವ ಪಿಶಾಚಿಯಲ್ಲ. ಪಂಜುರ್ಲಿ, ಜುಮಾದಿ, ಕೋಟಿ ಚೆನ್ನಯರಂತೆ ಕೋಲ ಕೊಟ್ಟು ನ್ಯಾಯ ಕೇಳುವ ದೈವ. ಸಂಸ್ಕೃತದಲ್ಲಿ ಭೂತ ಎಂದರೆ ಆಗಿಹೋದದ್ದು. ಭೂತಕಾಲ ಎಂದು ನಾವು ಶಾಲೆಯಲ್ಲಿ ಕಲಿತದ್ದೂ ಅದನ್ನೇ. ಹಾಗಾಗಿ ಒಂದೇ ಶಬ್ದ ಒಂದು ಕಡೆ ಭಯಕ್ಕೂ ಇನ್ನೊಂದು ಕಡೆ ಭಕ್ತಿಗೂ ನಿಂತಿದೆ. ಈ ಪಾಠದಲ್ಲಿ ನಾವು ನೋಡುವುದು ಭಯದ ದೆವ್ವವನ್ನು ಮಾತ್ರ.

ಐವತ್ತು ದಾಟಿದವರಿಗೆ “ನಾಳೆ ಬಾ” ನೆನಪಿರಬಹುದು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಯ ಬಾಗಿಲು, ಗೋಡೆಗಳ ಮೇಲೆ ಜನ ಸೀಮೆಸುಣ್ಣದಿಂದಲೋ ಇದ್ದಲಿನಿಂದಲೋ ಈ ಎರಡು ಮಾತು ಬರೆದರು. ರಾತ್ರಿ ಒಂದು ಹೆಣ್ಣುದೆವ್ವ ಮನೆಯವರ ದನಿಯಲ್ಲೇ ಬಾಗಿಲ ಬಳಿ ಕೂಗುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಸಾವು. ಬರಹ ಓದಿದರೆ ನಾಳೆ ಬರೋಣವೆಂದು ಹಿಂತಿರುಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ ಎಂಬ ಸುದ್ದಿ ಹಬ್ಬಿತ್ತು. ತೆಲುಗು ಸೀಮೆಯಲ್ಲಿ “ಓ ಸ್ತ್ರೀ ರೇಪು ರಾ” ಎಂದು ಬರೆದರು. 2018ರಲ್ಲಿ ಇಂಥದೇ ಸುದ್ದಿಯ ಮೇಲೆ ‘ಸ್ತ್ರೀ’ ಎಂಬ ಹಿಂದಿ ಚಲನಚಿತ್ರವೂ ಬಂತು. ಇಲ್ಲಿಯೂ ಬಂದದ್ದು ಹೆಣ್ಣುದೆವ್ವವೇ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ.

ಲೋಕದ ಎಲ್ಲ ಕಡೆ ಅದೇ ತಾಯಿ

ಈಗ ಲೋಕದ ಉಳಿದ ಭಾಗಗಳನ್ನು ಸುತ್ತಿ ಬರೋಣ. ಉತ್ತರ ಭಾರತದಲ್ಲಿ ಚುಡೇಲ್ ಎಂಬ ದೆವ್ವವಿದೆ. ಬಸುರಿಯಾಗಿದ್ದಾಗ ಅಥವಾ ಹೆರಿಗೆಯಲ್ಲಿ ಸತ್ತ ಹೆಂಗಸು ಚುಡೇಲ್ ಆಗುತ್ತಾಳೆ, ಅವಳ ಪಾದ ಹಿಂದಕ್ಕೆ ತಿರುಗಿರುತ್ತದೆ ಎಂದು ನಂಬಿಕೆ. ಮಲಯ ದೇಶದಲ್ಲಿ ಮತ್ತು ಇಂಡೊನೇಷ್ಯಾದಲ್ಲಿ ಪೊಂಟಿಯಾನಕ್ ಎಂಬ ದೆವ್ವ. ಅವಳೂ ಹೆರಿಗೆಯಲ್ಲಿ ಸತ್ತವಳೇ. ಅವಳ ಕತ್ತಿನ ಹಿಂಭಾಗಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಮತ್ತೆ ಹೆಂಗಸಾಗುತ್ತಾಳೆಂದು ಹೇಳುತ್ತಾರೆ. ಬೋರ್ನಿಯೊ ದ್ವೀಪದಲ್ಲಿ 1771ರಲ್ಲಿ ಸ್ಥಾಪನೆಯಾದ ಒಂದು ಪಟ್ಟಣಕ್ಕೆ ಪೊಂಟಿಯಾನಕ್ ಎಂದೇ ಹೆಸರು. ಆ ದೆವ್ವಗಳನ್ನು ಫಿರಂಗಿ ಹಾರಿಸಿ ಓಡಿಸಿ ಊರು ಕಟ್ಟಿದರೆಂದು ಅಲ್ಲಿಯ ಐತಿಹ್ಯ.

ಜಪಾನಿನಲ್ಲಿ ಉಬುಮೆ ಎಂಬವಳು ರಾತ್ರಿ ದಾರಿಯಲ್ಲಿ ಕೂಸು ಹಿಡಿದು ನಿಂತು, ಹೋಗುವವರನ್ನು “ಈ ಮಗುವನ್ನು ಸ್ವಲ್ಪ ಹಿಡಿದುಕೊಳ್ಳಿ” ಎಂದು ಬೇಡುತ್ತಾಳೆ. ಅದೇ ದೇಶದ ಇನ್ನೊಂದು ಕಥೆಯಲ್ಲಿ ಗೋರಿಯೊಳಗೆ ಹುಟ್ಟಿದ ಕೂಸಿಗಾಗಿ ಸತ್ತ ತಾಯಿ ಪ್ರತಿ ರಾತ್ರಿ ಅಂಗಡಿಗೆ ಬಂದು ಮಿಠಾಯಿ ಕೊಳ್ಳುತ್ತಾಳೆ. ಇದನ್ನು ಕೇಳಿದರೆ ಭಯವಾಗುವುದೋ, ಕಣ್ಣಲ್ಲಿ ನೀರು ಬರುವುದೋ?

ಇರಾಕಿನ ಪ್ರಾಚೀನ ನಾಗರಿಕತೆಯಲ್ಲಿ ಬಸುರಿಯರಿಗೂ ಹಸುಗೂಸಿಗೂ ಕೇಡು ಮಾಡುವ ಲಮಷ್ಟು ಎಂಬ ಪಿಶಾಚಿಯ ಭಯವಿತ್ತು. ಅವಳನ್ನು ಓಡಿಸಲು ಮಾಡಿಸಿದ ತಾಯಿತಗಳೂ ಫಲಕಗಳೂ, ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನವು, ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ನಮ್ಮ ಸಮೀಪದಲ್ಲೇ, ಕನಕಪುರದ ಕಡೆ, ಬಾಣಂತಿಮಾರಿ ಬೆಟ್ಟ ಎಂಬ ಹೆಸರಿನ ಬೆಟ್ಟವಿದೆ.

ಒಬ್ಬರ ಮುಖ ಒಬ್ಬರು ಕಾಣದ, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ಜನಾಂಗಗಳು ಒಂದೇ ಕಥೆಯನ್ನು ಏಕೆ ಹೇಳಿದವು? ದೆವ್ವ ದೇಶದೇಶ ಸುತ್ತಿತೇ? ಅಲ್ಲ. ಸುತ್ತಿದ್ದು ಸಾವು.

ಕಥೆ ಹುಟ್ಟಿದ ಬಗೆ

ವೃದ್ಧರಾಗಿ, ಮಕ್ಕಳು ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದವರು ಯಾವ ದೇಶದಲ್ಲೂ ಸಾಮಾನ್ಯವಾಗಿ ದೆವ್ವವಾಗುವುದಿಲ್ಲ. ನೀರಿಗೆ ಬಿದ್ದವರು, ನೇಣು ಹಾಕಿಕೊಂಡವರು, ಕೊಲೆಯಾದವರು, ಹೆರಿಗೆಯಲ್ಲಿ ಸತ್ತವರು, ಇವರೇ ದೆವ್ವದ ಕಥೆಗಳಲ್ಲಿ ಬರುವವರು. ಎಂದರೆ ಬದುಕಬೇಕಾದ ವಯಸ್ಸಿನಲ್ಲಿ ಹೋದವರು. ದೆವ್ವದ ಕಥೆ ಎಂಬುದು ಊರಿನ ಅಕಾಲ ಮರಣಗಳ ಲೆಕ್ಕದ ಪುಸ್ತಕವಿದ್ದಂತೆ. ವ್ಯಾಪಾರಿಗಳಿಗೆ ಗೊತ್ತು, ತೀರದ ಬಾಕಿ ಪುಟದಿಂದ ಪುಟಕ್ಕೆ ಮುಂದುವರಿಯುತ್ತದೆ. ಹಾಗೆಯೇ ಜನರ ಮನಸ್ಸಿನಲ್ಲಿ ತೀರದೆ ಉಳಿದ ಸಾವು ತಲೆಮಾರಿನಿಂದ ತಲೆಮಾರಿಗೆ ಕಥೆಯಾಗಿ ಮುಂದುವರಿಯಿತು.

ಹಿಂದೆ ಹೆರಿಗೆಯಲ್ಲಿ ತಾಯಂದಿರು ಏಕೆ ಸಾಯುತ್ತಿದ್ದರು? ಮುಖ್ಯ ಕಾರಣ ಮೂರು. ಮೊದಲನೆಯದು ರಕ್ತಸ್ರಾವ. ಎರಡನೆಯದು ಗರ್ಭಕೋಶಕ್ಕೆ ನಂಜೇರಿ ಬರುವ ಜ್ವರ. ಮೂರನೆಯದು ಬಸುರಿಯಲ್ಲಿ ರಕ್ತದ ಒತ್ತಡ ಏರಿ ಬರುವ ಫಿಟ್ಸು. ಇವುಗಳಲ್ಲಿ ಜ್ವರ ಬಂದವಳು ಪ್ರಜ್ಞೆ ತಪ್ಪಿ ಬಡಬಡಿಸುತ್ತಾಳೆ. ಫಿಟ್ಸು ಬಂದವಳ ಹಲ್ಲು ಕಚ್ಚಿಕೊಂಡು, ಕಣ್ಣು ಮೇಲೆ ಹೋಗಿ, ಮೈಯೆಲ್ಲ ಅದುರುತ್ತದೆ. ಇದನ್ನು ಕಂಡವರು “ದೆವ್ವ ಮೆಟ್ಟಿಕೊಂಡಿತು” ಎಂದರೆ ಆಶ್ಚರ್ಯವೇನು? ಅವರ ಬಳಿ ಬೇರೆ ಉತ್ತರವಿರಲಿಲ್ಲ.

ಉತ್ತರ ನಿಧಾನವಾಗಿ ಬಂತು. 1847ರಲ್ಲಿ ಯುರೋಪಿನ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆರಿಗೆ ಕೊಠಡಿಗೆ ಹೋಗುವ ಮುನ್ನ ಎಲ್ಲ ವೈದ್ಯರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ನಿಯಮ ಮಾಡಿದರು. ನೂರಕ್ಕೆ ಹತ್ತಕ್ಕೂ ಮೇಲ್ಪಟ್ಟು ಬಾಣಂತಿಯರು ಜ್ವರದಿಂದ ಸಾಯುತ್ತಿದ್ದ ಆ ವಾರ್ಡಿನಲ್ಲಿ, ಕೆಲವೇ ತಿಂಗಳಲ್ಲಿ ಸಾವು ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಯಾವ ಮಂತ್ರವೂ ಮಾಡದ್ದನ್ನು ತೊಳೆದ ಕೈ ಮಾಡಿತು.

ನಮ್ಮ ದೇಶದ ಲೆಕ್ಕವನ್ನೂ ನೋಡೋಣ. ಭಾರತದಲ್ಲಿ 1997–98ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 398 ತಾಯಂದಿರು ಬಸಿರು, ಹೆರಿಗೆ, ಬಾಣಂತನದ ಕಾರಣದಿಂದ ಸಾಯುತ್ತಿದ್ದರು. 2018–20ರ ಲೆಕ್ಕದಲ್ಲಿ ಅದು 97ಕ್ಕೆ ಇಳಿಯಿತು; ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ಇಂದಿನ ಮಕ್ಕಳಿಗೆ ಬಾಣಂತಿ ದೆವ್ವದ ಕಥೆ ಅಷ್ಟಾಗಿ ತಿಳಿಯದೆ ಇರುವುದಕ್ಕೆ ದೂರದರ್ಶನ, ವಿದ್ಯುದ್ದೀಪಗಳಷ್ಟೇ ಕಾರಣವಲ್ಲ. ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಮನೆಗಳು ಊರಿನಲ್ಲಿ ಕಡಮೆಯಾದುದೂ ಒಂದು ಕಾರಣವೆಂದು ತಿಳಿಯಬೇಕು.

ವೀರನಿಗೆ ಕಲ್ಲು, ತಾಯಿಗೆ ಹುಣಸೆಮರ

ನಮ್ಮ ಸೀಮೆ ವೀರಗಲ್ಲುಗಳ ಸೀಮೆ. ದನ ಕಾಯಲು, ಊರು ಕಾಯಲು ಹೋರಾಡಿ ಮಡಿದವನ ಹೆಸರಿನಲ್ಲಿ ನಿಲ್ಲಿಸಿದ ಕಲ್ಲುಗಳಿವು. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅವುಗಳನ್ನು ನೋಡಬಹುದು. ಧರ್ಮಪುರಿ, ಕೃಷ್ಣಗಿರಿ ಕಡೆಯ ಹಳ್ಳಿಗಳಲ್ಲಿ ಅನೇಕ ನಡುಗಲ್ಲುಗಳಿಗೆ ವೇಡಿಯಪ್ಪನ್ ಎಂಬ ಹೆಸರಿನಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಹೊಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಗೆ ಹತ್ತಿರವಿರುವ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದು “ಬೆಂಗಳೂರು” ಕಾಳಗವನ್ನು ಹೇಳುತ್ತದೆ. ಅದೂ ಕಾಳಗದಲ್ಲಿ ಸತ್ತವನ ಕಲ್ಲೇ. ಮಂಡ್ಯ ಸೀಮೆಯ ಆತಕೂರಿನ ಕಲ್ಲಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ್ದು.

ಅಕಾಲದಲ್ಲಿ ಸತ್ತ ವೀರನೂ ಜನರ ಮನಸ್ಸನ್ನು ಕಾಡಿದ. ಆದರೆ ಅವನಿಗೆ ಕಲ್ಲು ಸಿಕ್ಕಿತು, ಹೂವು ಸಿಕ್ಕಿತು, ದೇವರೆಂಬ ಹೆಸರು ಸಿಕ್ಕಿತು. ವಂಶ ಬೆಳಗಲು ಪ್ರಾಣ ಕೊಟ್ಟ ತಾಯಿಗೆ ಏನು ಸಿಕ್ಕಿತು? ಅನೇಕ ಕಡೆ ಹುಣಸೆಮರ ಮತ್ತು ಭಯ. ಯೋಚಿಸಿದರೆ ಇದು ಅನ್ಯಾಯವಲ್ಲವೇ?

ಮೆಕ್ಸಿಕೊ ದೇಶದ ಪ್ರಾಚೀನ ಅಜ್ಟೆಕ್ ಜನ ಈ ಅನ್ಯಾಯವನ್ನು ಸ್ವಲ್ಪ ಸರಿಪಡಿಸಿದ್ದರು. ಅವರ ದೃಷ್ಟಿಯಲ್ಲಿ ಹೆರಿಗೆಯೂ ಒಂದು ಯುದ್ಧ. ರಣದಲ್ಲಿ ಸತ್ತ ವೀರರು ಮುಂಜಾನೆಯಿಂದ ನಡುಹಗಲವರೆಗೆ ಸೂರ್ಯನ ಜೊತೆ ನಡೆಯುತ್ತಾರೆ. ಹೆರಿಗೆಯಲ್ಲಿ ಸತ್ತ ತಾಯಂದಿರು ನಡುಹಗಲಿನಿಂದ ಮುಳುಗುವವರೆಗೆ ಅವನನ್ನು ಕರೆದೊಯ್ಯುತ್ತಾರೆ ಎಂದು ಅವರು ನಂಬಿದ್ದರು. ಆದರೂ ಕೆಲವು ದಿನಗಳಲ್ಲಿ ಅವರು ಕೂಡುದಾರಿಗಳಿಗೆ ಇಳಿದು ಮಕ್ಕಳಿಗೆ ಕೇಡು ಮಾಡುತ್ತಾರೆಂಬ ಭಯವೂ ಜೊತೆಗಿತ್ತು.

ಅಷ್ಟು ದೂರ ಹೋಗಬೇಕಾಗಿಲ್ಲ. ತಮಿಳುನಾಡಿನ ಹಳೆಯ ದಾರಿಗಳ ಬದಿಯಲ್ಲಿ ಎರಡು ನಿಲುವುಗಲ್ಲು, ಅವುಗಳ ಮೇಲೆ ಅಡ್ಡವಾಗಿ ಒಂದು ಚಪ್ಪಡಿ, ಹೀಗೆ ಹೆಗಲೆತ್ತರದ ಕಟ್ಟಣೆಯನ್ನು ನೀವು ನೋಡಿರಬಹುದು. ತಮಿಳಿನಲ್ಲಿ ಇದಕ್ಕೆ ಸುಮೈತಾಂಗಿ ಎಂದು ಹೆಸರು. ಸುಮೈ ಎಂದರೆ ಹೊರೆ, ತಾಂಗಿ ಎಂದರೆ ಹೊರುವುದು. ತಲೆಹೊರೆ ಹೊತ್ತು ಬಂದವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಇದರ ಮೇಲಿಟ್ಟು ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗುತ್ತಿದ್ದರು. ಬಸುರಿಯಾಗಿಯೇ ಸತ್ತ ಹೆಣ್ಣುಮಗಳ ನೆನಪಿಗೆ ಇಂಥ ಕಲ್ಲನ್ನು ನಿಲ್ಲಿಸುವ ಪದ್ಧತಿ ಇತ್ತು. ಅವಳು ತನ್ನ ಹೊರೆಯನ್ನು ಇಳಿಸಲಾರದೆ ಹೋದಳು. ದಾರಿಯಲ್ಲಿ ಹೋಗುವವರು ಇಲ್ಲಿ ಹೊರೆ ಇಳಿಸಿದಾಗಲೆಲ್ಲ ಅವಳ ಭಾರವೂ ಇಳಿಯಲಿ ಎಂಬುದು ಅದರ ಭಾವ.

ಒಂದೇ ಸಾವಿಗೆ ಜನಪದರು ಕೊಟ್ಟ ಎರಡು ಉತ್ತರಗಳನ್ನು ನೋಡಿ. ಒಂದು ಉತ್ತರ ಹುಣಸೆಮರದ ದೆವ್ವ. ಅದು ದಾರಿಹೋಕರನ್ನು ಹೆದರಿಸಿತು. ಇನ್ನೊಂದು ಉತ್ತರ ಹೊರೆ ಇಳಿಸುವ ಕಲ್ಲು. ಅದು ದಾರಿಹೋಕರಿಗೆ ನೆರವಾಯಿತು. ಈ ಎರಡರಲ್ಲಿ ನಾವು ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದೇ ಈ ಪಾಠದ ಮುಖ್ಯ ಪ್ರಶ್ನೆ.

ಶರಣರ ದಾರಿ

ಶರಣರು ಈ ಪ್ರಶ್ನೆಗೆ ಹನ್ನೆರಡನೆಯ ಶತಮಾನದಲ್ಲಿಯೇ ಉತ್ತರ ಕೊಟ್ಟಿದ್ದಾರೆ. ಲಿಂಗವಂತರಲ್ಲಿ ಸತ್ತವರನ್ನು ಪ್ರೇತವೆನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತೇವೆ. ಇಷ್ಟಲಿಂಗದ ಸಹಿತ ಸಮಾಧಿ ಮಾಡುತ್ತೇವೆ. ಲಿಂಗದಲ್ಲಿ ಒಂದಾದ ಜೀವ ಹುಣಸೆಮರಕ್ಕೆ ಹೇಗೆ ಬಂದೀತು?

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಶರಣರು ಐದು ಸೂತಕಗಳನ್ನು ಅಲ್ಲಗಳೆದರು: ಜನನ ಸೂತಕ, ಮರಣ ಸೂತಕ, ರಜಸ್ಸೂತಕ, ಜಾತಿ ಸೂತಕ, ಎಂಜಲ ಸೂತಕ. ಹೆರಿಗೆಯ ಮೈಲಿಗೆ ಇಲ್ಲವೆಂದ ಮೇಲೆ ಬಾಣಂತಿ ಮುಟ್ಟಬಾರದವಳಲ್ಲ, ಬೇರೆ ಕೋಣೆಯ ಕತ್ತಲಲ್ಲಿ ಒಂಟಿಯಾಗಿ ಬಿಡಬೇಕಾದವಳಲ್ಲ. ಅವಳು ಮನೆಯ ನಡುವೆ, ಗಾಳಿ ಬೆಳಕಿನಲ್ಲಿ, ಎಲ್ಲರ ಕಣ್ಣಳತೆಯಲ್ಲಿ ಇರಬೇಕಾದವಳು. ಈ ಆಚಾರವನ್ನು ಪಾಲಿಸಿದ ಮನೆಯಲ್ಲಿ ಅವಳ ನಿದ್ದೆ ಕೆಟ್ಟದ್ದು, ಮಾತು ತಪ್ಪಿದ್ದು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಬಾಣಂತಿ ಸನ್ನಿ ಎಂದರೇನು?

ನಮ್ಮ ಭಾಷೆಯಲ್ಲಿಯೇ ಒಂದು ಹಳೆಯ ಮಾತಿದೆ: ಬಾಣಂತಿ ಸನ್ನಿ. ಸನ್ನಿ ಎಂಬುದು ಸನ್ನಿಪಾತದಿಂದ ಬಂದ ಶಬ್ದ. ಅದು ರೋಗದ ಹೆಸರು, ದೆವ್ವದ ಹೆಸರಲ್ಲ. ಎಂದರೆ ನಮ್ಮ ಹಿರಿಯರಲ್ಲಿಯೂ ಇದನ್ನು ರೋಗವೆಂದು ಗುರುತಿಸಿದವರಿದ್ದರು. ಅಜ್ಜಿಗೆ ದೆವ್ವದ ಬದಲು ಸನ್ನಿ ನೆನಪಾಗಿದ್ದರೆ ಆ ಮನೆಯವರು ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದರು.

ಇಂದಿನ ವೈದ್ಯಶಾಸ್ತ್ರದ ಪ್ರಕಾರ ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರು ತಾಯಂದಿರಿಗೆ ತೀವ್ರವಾದ ಮನೋರೋಗ ಕಾಣಿಸಿಕೊಳ್ಳುತ್ತದೆ. ಹೆಚ್ಚಾಗಿ ಹೆರಿಗೆಯಾದ ಮೊದಲ ಎರಡು ವಾರಗಳೊಳಗೆ ಶುರುವಾಗುತ್ತದೆ. ನಿದ್ದೆ ಪೂರ್ತಿ ಬಿಡುವುದು, ಇಲ್ಲದ ದನಿ ಕೇಳಿಸುವುದು, ಮಗು ತನ್ನದಲ್ಲ ಎನ್ನುವುದು, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಹೆದರುವುದು, ಒಮ್ಮೆ ನಗು ಒಮ್ಮೆ ಅಳು, ಇವು ಲಕ್ಷಣಗಳು. ನಾವು ದೃಷ್ಟಾಂತದಲ್ಲಿ ಕಂಡ ಸೊಸೆಗೆ ಬಂದದ್ದು ಇದೇ. ಇದು ಅವಳ ತಪ್ಪಲ್ಲ, ತವರಿನ ತಪ್ಪಲ್ಲ, ಯಾರ ದೃಷ್ಟಿಯೂ ಅಲ್ಲ. ಚಿಕಿತ್ಸೆ ಕೊಟ್ಟರೆ ಬಹುಪಾಲು ತಾಯಂದಿರು ಪೂರ್ತಿ ಗುಣವಾಗಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ತಾಯಿ ತನ್ನ ಜೀವಕ್ಕೋ ಮಗುವಿನ ಜೀವಕ್ಕೋ ಅಪಾಯ ತಂದುಕೊಳ್ಳುವ ಸಂಭವವಿದೆ. ಮಂತ್ರ ಹಾಕಿಸುತ್ತ ಕಳೆದ ಆ ಮೂರು ದಿನಗಳ ಬೆಲೆ ಇಷ್ಟು.

ಒಂದು ಎಚ್ಚರಿಕೆ. ಬಡಬಡಿಕೆಯ ಜೊತೆ ಜ್ವರವಿದ್ದರೆ ಅದು ನಂಜಿನ ಜ್ವರವಿರಬಹುದು. ಹೆರಿಗೆಯಾದ ಮೇಲೂ ಕೆಲವರಿಗೆ ಒತ್ತಡದ ಫಿಟ್ಸು ಬರುವುದುಂಟು. ಇವೆರಡರಲ್ಲಿ ದಿನಗಳಲ್ಲ, ಗಂಟೆಗಳು ಮುಖ್ಯ.

ಸರಪಳಿಯ ಪಾಠ

ಕಥೆಯನ್ನು ನಿಜವೆಂದು ನಂಬಿ ರೋಗಿಯ ಮೇಲೆ ಕೈಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಎರಡು ಪ್ರಸಂಗಗಳನ್ನು ನೋಡೋಣ.

ಐರ್ಲೆಂಡ್ ದೇಶದ ಒಂದು ಹಳ್ಳಿಯಲ್ಲಿ 1895ರ ಮಾರ್ಚ್ ತಿಂಗಳಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸು ಕಾಯಿಲೆಯಿಂದ ಮಲಗಿದ್ದಳು. ಇವಳು ತನ್ನ ಹೆಂಡತಿಯಲ್ಲ, ಯಕ್ಷಿಣಿಯಂಥ ಜನ ಅವಳನ್ನು ಒಯ್ದು ಬೇರೆಯವಳನ್ನು ಇಟ್ಟಿದ್ದಾರೆ ಎಂದು ಗಂಡ ನಂಬಿದ. ಬಂಧುಗಳೆಲ್ಲ ಸೇರಿ ಸೊಪ್ಪಿನ ಕಷಾಯ ಕುಡಿಸಿದರು, ಹಿಡಿದು ಕೇಳಿದರು. ಕೊನೆಗೆ ಗಂಡ ಅವಳನ್ನು ಸುಟ್ಟ. ನ್ಯಾಯಾಲಯ ಅವನನ್ನು ಸೆರೆಮನೆಗೆ ಕಳಿಸಿತು. ಅವನು ಹದಿನೈದು ವರ್ಷ ಅಲ್ಲಿದ್ದ. ಹೋದವಳು ಬರಲಿಲ್ಲ.

ಎರಡನೆಯದು ನಮ್ಮ ರಾಜ್ಯದ್ದೇ. ರಾಮನಾಥಪುರಂ ಜಿಲ್ಲೆಯ ಏರ್ವಾಡಿಗೆ ಮನಸ್ಸು ಕೆಟ್ಟವರನ್ನು ಬಹು ದೂರದಿಂದ ಕರೆತರುತ್ತಿದ್ದರು. ಅವರನ್ನು ಇಟ್ಟುಕೊಳ್ಳುತ್ತಿದ್ದ ಚಪ್ಪರದಂಥ ಒಂದು ಮನೆಗೆ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ 28 ಮಂದಿ ಸತ್ತರು. ಇದರಲ್ಲಿ ಯಾವ ಮತದವರ ಕಡೆಗೂ ಬೆರಳು ತೋರಿಸಬೇಕಾಗಿಲ್ಲ. ಇಂಥ ಸ್ಥಳಗಳಿಗೆ ಎಲ್ಲ ಮತದವರೂ ಹೋಗುತ್ತಾರೆ, ನಮ್ಮವರೂ ಹೋಗುತ್ತಾರೆ.

ಇಂದು ಕಾನೂನು ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಡೀ ದೇಶಕ್ಕೆ ಅನ್ವಯಿಸುತ್ತದೆ; ಅದರ 95ನೆಯ ಕಲಮಿನಂತೆ ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಗಡಿಯಾಚೆ ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಅಪರಾಧ.

ಹಾಗಾದರೆ ಏನು ಮಾಡಬೇಕು?

ಬಾಣಂತಿಯ ದಿಂಬಿನ ಕೆಳಗೆ ಕುಡುಗೋಲನ್ನೋ ಕಬ್ಬಿಣದ ಚೂರನ್ನೋ ಇಡುವ ರೂಢಿ ನಮ್ಮಲ್ಲಿದೆ. ಐರ್ಲೆಂಡ್, ಸ್ಕಾಟ್‌ಲೆಂಡ್ ದೇಶಗಳಲ್ಲೂ ತೊಟ್ಟಿಲ ಮೇಲೆ ಅಡ್ಡಲಾಗಿ ಕಬ್ಬಿಣದ ಇಕ್ಕಳ ಇಡುತ್ತಿದ್ದರು. ಆದರೆ ದಿಂಬಿನ ಕೆಳಗಿನ ಕಬ್ಬಿಣಕ್ಕಿಂತ ರಕ್ತದೊಳಗಿನ ಕಬ್ಬಿಣ ಮೇಲು. ರಕ್ತಹೀನತೆಯಿರುವ ತಾಯಿ ಹೆರಿಗೆಯ ರಕ್ತಸ್ರಾವವನ್ನು ತಾಳಲಾರಳು. ಬಸುರಿಯಾಗಿದ್ದಾಗ 180 ದಿನ, ಹೆರಿಗೆಯ ನಂತರ 180 ದಿನ ಕಬ್ಬಿಣದ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಅದನ್ನು ಡಬ್ಬಿಯಲ್ಲಿ ಕೂಡಿಡದೆ ನುಂಗಿಸಬೇಕು. ಜೊತೆಗೆ ನಮ್ಮ ಹೊಲದ ರಾಗಿ, ಹುರುಳಿ, ನುಗ್ಗೆಸೊಪ್ಪು ಇರಲಿ. ಬಾಣಂತಿಗೆ ನೀರು ಕೊಡಬಾರದೆಂಬ ಮಾತನ್ನು ಬಿಡಬೇಕು. ಹಾಲುಣಿಸುವವಳಿಗೆ ನೀರು ಹೆಚ್ಚೇ ಬೇಕು.

ಬಾಣಂತಿಯ ಮಾತಿನಲ್ಲಿ, ನಿದ್ದೆಯಲ್ಲಿ ವ್ಯತ್ಯಾಸ ಕಂಡ ದಿನವೇ ಆಸ್ಪತ್ರೆಗೆ ಹೊರಡಬೇಕು. ತಾಯಿ ಮಗುವನ್ನು ಒಂಟಿಯಾಗಿ ಬಿಡಬಾರದು. ಬಯ್ಯಬಾರದು, ಕಟ್ಟಬಾರದು, ಹೊಡೆಯಬಾರದು. ಫಿಟ್ಸು, ಜ್ವರ, ಹೆಚ್ಚು ರಕ್ತಸ್ರಾವ ಇದ್ದರೆ ರಾತ್ರಿಯೆಂದು ನೋಡದೆ 108ಕ್ಕೆ ದೂರವಾಣಿ ಮಾಡಬೇಕು. ಹೊಸೂರಿನಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ಕೃಷ್ಣಗಿರಿಯಲ್ಲಿ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಪ್ರಾರಂಭವಾಗಿದೆ.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಇರುವುದು ಹೊಸೂರು ರಸ್ತೆಯಲ್ಲೇ. ನಾವು ಹೂವು, ತರಕಾರಿ ಒಯ್ಯುವ ದಾರಿಯದು. ಅಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವಿದೆ. ಮಗುವನ್ನು ತಾಯಿಯಿಂದ ಕಿತ್ತುಕೊಳ್ಳುತ್ತಾರೆಂಬ ಹೆದರಿಕೆ ಬೇಡ. “ಹುಚ್ಚಾಸ್ಪತ್ರೆಗೆ ಹೋದರು” ಎಂಬ ಮಾತಿಗೆ ಅಂಜುವುದೂ ಬೇಡ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ 14416 ಸಂಖ್ಯೆಗೆ ದೂರವಾಣಿ ಮಾಡಿರಿ. ಇದು 2022ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಕರೆಗೆ ಹಣವಿಲ್ಲ, ಕನ್ನಡ, ತಮಿಳು ಮುಂತಾದ ಭಾಷೆಗಳಲ್ಲಿ ಮಾತಾಡಬಹುದು. ಒಮ್ಮೆ ಹೀಗಾದವರಿಗೆ ಮುಂದಿನ ಹೆರಿಗೆಯಲ್ಲೂ ಮರುಕಳಿಸುವ ಸಂಭವ ಹೆಚ್ಚು. ಆದುದರಿಂದ ಮುಂದೆ ಬಸಿರು ನಿಂತ ಕೂಡಲೇ ವೈದ್ಯರಿಗೆ ಹಿಂದಿನದನ್ನು ಮುಚ್ಚಿಡದೆ ಹೇಳಬೇಕು.

ಭಕ್ತರು ವಿಭೂತಿ ಹಚ್ಚಿ, ಲಿಂಗ ಮುಟ್ಟಿಸಿ ಧೈರ್ಯ ಹೇಳುವುದು ತಪ್ಪಲ್ಲ. ಧೈರ್ಯವೂ ಔಷಧಿಯೇ. ಆದರೆ ವಿಭೂತಿ ಹಚ್ಚಿದ ಮೇಲೆ ಬಸ್ಸು ಹತ್ತಬೇಕು. ರಾಯಕೋಟೆಯ ಟೊಮೆಟೊ ಮಂಡಿಗೋ ಹೊಸೂರಿನ ಮಾರುಕಟ್ಟೆಗೋ ಗಾಡಿ ಓಡಿಸುವ ನಮ್ಮ ವ್ಯಾಪಾರಿ ಬಂಧುಗಳು, ನೆರೆಮನೆಯ ಬಾಣಂತಿಗಾಗಿ ಅಂದು ಒಂದು ಸರದಿ ಬಿಟ್ಟುಕೊಟ್ಟರೆ ಅದೂ ದಾಸೋಹವೇ.

ದೆವ್ವಕ್ಕೆ “ನಾಳೆ ಬಾ” ಎಂದು ಬರೆದವರು ಯಾರೂ ಕೆಡಲಿಲ್ಲ. ರೋಗಕ್ಕೆ “ನಾಳೆ ನೋಡೋಣ” ಎಂದವರು ಕೆಟ್ಟಿದ್ದಾರೆ. ಕಥೆಗಳನ್ನು ಉಳಿಸಿಕೊಳ್ಳೋಣ, ಅವು ಸತ್ತ ತಾಯಂದಿರ ನೆನಪು. ಮಕ್ಕಳಿಗೆ ಹುಣಸೆಮರದ ದೆವ್ವದ ಕಥೆ ಹೇಳಿದ ದಿನ ಹೊರೆ ಇಳಿಸುವ ಕಲ್ಲಿನ ಕಥೆಯನ್ನೂ ಹೇಳೋಣ. ಬದುಕಿರುವ ತಾಯಿಯ ಹೊರೆಯನ್ನು ಮಾತ್ರ ಅವಳು ಬದುಕಿರುವಾಗಲೇ ಇಳಿಸೋಣ.

ಮನನಕ್ಕೆ ಪ್ರಶ್ನೆಗಳು

1. ನಿಮ್ಮ ಊರಿನ ದೆವ್ವದ ಕಥೆಗಳಲ್ಲಿ ಸತ್ತವರು ಯಾರು? ಅವರು ಯಾವ ಕಾರಣದಿಂದ ಸತ್ತರೆಂದು ಹಿರಿಯರು ಹೇಳುತ್ತಾರೆ? ಆ ಸಾವನ್ನು ಇಂದು ತಡೆಯಬಹುದಾಗಿತ್ತೇ?

2. ನಿಮ್ಮ ಊರಿನ ದಾರಿಯಲ್ಲಿ ಸುಮೈತಾಂಗಿ ಕಲ್ಲು ಇದೆಯೇ? ಅದು ಬಿದ್ದುಹೋಗಿದ್ದರೆ ಎತ್ತಿ ನಿಲ್ಲಿಸಬಹುದೇ?

3. ಜನನ ಸೂತಕವಿಲ್ಲವೆಂದ ಶರಣರ ಮಾತನ್ನು ನಮ್ಮ ಮನೆಗಳ ಬಾಣಂತನದಲ್ಲಿ ಪಾಲಿಸುತ್ತಿದ್ದೇವೆಯೇ?

4. ನಿಮ್ಮ ಮನೆಯಲ್ಲಿ ಈಗ ಬಸುರಿ ಅಥವಾ ಬಾಣಂತಿ ಇದ್ದರೆ, ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಲು ಯಾರ ಗಾಡಿಯನ್ನು ಕೇಳುವುದೆಂದು ಇಂದೇ ನಿಶ್ಚಯಿಸಿದ್ದೀರಾ?

ಮನೆಯ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ಈ ಪ್ರಶ್ನೆಗಳನ್ನು ಚರ್ಚಿಸಬೇಕಾಗಿ ವಿನಂತಿ. ಅವರಿಲ್ಲದೆ ಈ ಪಾಠ ಪೂರ್ಣವಾಗದು.